ಹೆಂಗಸರ ದಾರಿಗೆ ಅಡ್ಡ ಬಂದ ಅಮೆರೋಲ್

ಬುವಾದಿ ಲಾಮಿತ್ ಊರಿನ ಅಮೆರೋಲ್‌ಗೆ ದೇವರು ಎತ್ತರ ಕೊಡುವಾಗ ಕೈ ಬಿಗಿ ಹಿಡಿದ, ನಾಲಿಗೆ ಕೊಡುವಾಗ ಧಾರಾಳವಾಗಿ ಸುರಿದ. ಹದಿನಾರಕ್ಕೆ ಸೋದರಮಾವನ ಜೀಪಿನ ಹಿಂದೆ ಜೋತುಬಿದ್ದು ಜನರನ್ನು ಕೂಗಿ ಕರೆಯುವ ಕೆಲಸಕ್ಕೆ ಸೇರಿದ, ಇಪ್ಪತ್ತೆರಡಕ್ಕೆ ಸ್ಟೇರಿಂಗು ಹಿಡಿದ, ಮೂವತ್ತು ತುಂಬುವ ಮೊದಲು ಸ್ವಂತ ಜೀಪು ಮಾಡಿಕೊಂಡ. ಸರೋವರದ ದಂಡೆಯ ನಮ್ಮೂರಿಂದ ಮರಾವಿ ಪೇಟೆಗೆ ಒಂದೂವರೆ ತಾಸಿನ ದಾರಿ. ಯಾರ ಮನೆಯಲ್ಲಿ ಹೆರಿಗೆಯಾಯಿತು, ಯಾರ ಮಗಳ ಸಂಬಂಧ ಮುರಿಯಿತು, ಯಾವ ಹಾಜಿ ಎರಡನೇ ಹೆಂಡತಿಗೆ ಹೆದರಿ ಮಸೀದಿಯಲ್ಲೇ ಮಲಗುತ್ತಾನೆ, ಎಲ್ಲ ಸುದ್ದಿಯೂ ಆ ಜೀಪಿನಲ್ಲೇ ಹತ್ತಿ ಇಳಿಯುತ್ತಿತ್ತು. ಜೀಪು ಕೊಂಡ ವರ್ಷವೇ ನೊರೈದಾಳನ್ನು ಮದುವೆಯಾದ. ಅಮೆರೋಲ್‌ಗೆ ಇಬ್ಬರು ಹೆಂಡಿರು, ಹಿರಿಯವಳು ಡೀಸೆಲ್ ಕುಡಿಯುತ್ತಾಳೆ ಎಂದು ಊರವರು ನಗುತ್ತಿದ್ದರು. ಅವನೂ ನಗುತ್ತಿದ್ದ.

ಆಮೇಲೆ ಹಗೆ ಬಂತು. ಶಾಲೆಯ ಅಂಗಳದಲ್ಲಿ ಬಾಸ್ಕೆಟ್‌ಬಾಲ್ ಆಡುವಾಗ ಬುಂತೋಗ್ ಮನೆತನದ ಹುಡುಗನೊಬ್ಬ ಅಮೆರೋಲ್‌ನ ಚಿಕ್ಕಪ್ಪನ ಮಗನಿಗೆ ಎಲ್ಲರೆದುರು ಬೈದ. ಬೈದದ್ದು ಬಾಯಲ್ಲಿ, ಉತ್ತರ ಹೋದದ್ದು ಪಿಸ್ತೂಲಿನಲ್ಲಿ. ಬೈದ ಹುಡುಗ ಅಲ್ಲೇ ಸತ್ತ. ಗುಂಡು ಹೊಡೆದ ಧೀರ ಅದೇ ವಾರ ದೋಣಿ ಹತ್ತಿ ಎಲ್ಲಿಗೋ ಪರಾರಿಯಾದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಗುಂಡು ಹೊಡೆದವನ ದಾಂಪಾಲ್ ಮನೆತನದಲ್ಲಿ ಮೀಸೆ ಚಿಗುರಿದ ಪ್ರತಿಯೊಬ್ಬನೂ ಬುಂತೋಗಿನವರ ಬಂದೂಕಿಗೆ ಗುರಿಯಾದ. ಅಮೆರೋಲ್ ಕೂಡ ದಾಂಪಾಲ್. ಪೇಟೆಯ ದಾರಿಯ ನಟ್ಟನಡುವೆ ಇದ್ದ ಸೇತುವೆ ಬುಂತೋಗಿನವರದ್ದು.

ನಮ್ಮ ಕಡೆ ಹಗೆಗೂ ಒಂದು ನೇಮವಿದೆ. ಹೆಂಗಸನ್ನು ಮುಟ್ಟುವಂತಿಲ್ಲ. ಮುಟ್ಟಿದವನ ಮರತಬಾತ್, ಅಂದರೆ ಇಡೀ ಮನೆತನದ ಮಾನ, ಮಣ್ಣುಪಾಲು. ಹಾಗಾಗಿ ಹಗೆ ಶುರುವಾದ ದಿನ ಗಂಡಸರು ಒಳಗೆ, ಹೆಂಗಸರು ಹೊರಗೆ. ಗದ್ದೆಗೆ ಹೋಗುವವರು, ಪೇಟೆಗೆ ಹೋಗುವವರು, ಆಸ್ಪತ್ರೆ, ಕಚೇರಿ, ಸಾವಿನ ಮನೆ ಎಲ್ಲಕ್ಕೂ ಹೆಂಗಸರೇ. ಸೇತುವೆಯ ಮೇಲೆ ಬಂದೂಕು ಹಿಡಿದು ನಿಂತ ಬುಂತೋಗಿನವರು ಜೀಪು ನಿಲ್ಲಿಸಿ ಗಂಡಸರನ್ನು ಇಳಿಸಿ ನೋಡುತ್ತಿದ್ದರು, ಹೆಂಗಸರ ಕಡೆಗೆ ಕಣ್ಣೆತ್ತುತ್ತಿರಲಿಲ್ಲ. ಅಷ್ಟು ಸಣ್ಣ ಕಿಂಡಿಯಲ್ಲಿ ನಮ್ಮೂರಿನ ಅರವತ್ತು ಮನೆಗಳ ಅನ್ನ ಒಳಗೆ ಬರುತ್ತಿತ್ತು.

ನೊರೈದಾ ಬಟ್ಟೆಯ ಗಂಟು ಹೊತ್ತು ಮರಾವಿ ಪೇಟೆಯಲ್ಲಿ ಕೂತಳು. ತನ್ನ ತಾಯಿ, ಅತ್ತಿಗೆಯರು ನೇಯ್ದ ಮಲೋಂಗ್ ಬಟ್ಟೆಗಳನ್ನು ಮಾರುತ್ತಿದ್ದಳು. ಮೊದಮೊದಲು ಬೆಲೆ ಹೇಳಲೂ ಅವಳಿಗೆ ಬರುತ್ತಿರಲಿಲ್ಲ. ಆರು ತಿಂಗಳಿಗೆ ಗಿರಾಕಿಯ ಮುಖ ನೋಡಿಯೇ ಇವಳು ಕೊಳ್ಳುವವಳು, ಇವಳು ಬರೀ ಮುಟ್ಟಿ ನೋಡುವವಳು ಎಂದು ಹೇಳುವಷ್ಟಾದಳು. ಇತ್ತ ಅಮೆರೋಲ್ ಅಡುಗೆಮನೆಯಲ್ಲಿ ಕೂತು ಒರಳಲ್ಲಿ ಈರುಳ್ಳಿದಂಟು, ಶುಂಠಿ, ಮೆಣಸಿನಕಾಯಿ ಹಾಕಿ ಪಾಲಾಪಾ ಮಸಾಲೆ ಕುಟ್ಟಲು ಕಲಿತ. ಕುಟ್ಟುವಾಗ ಕಣ್ಣಲ್ಲಿ ನೀರು ಬಂದರೆ ಅವನ ತಾಯಿ ಮುಮಿನಾ ಮುದುಕಿ ಗೋಡೆಗೊರಗಿ ಕೂತು ಮಜಾ ತೆಗೆದುಕೊಳ್ಳುತ್ತಿದ್ದಳು.

"ಮೆಣಸಿನಕಾಯಿಗೆ ಅಳ್ತಿದೀಯೋ, ಹೆಂಡ್ತಿ ಇನ್ನೂ ಬರಲಿಲ್ಲ ಅಂತ ಅಳ್ತಿದೀಯೋ?"

"ಸುಮ್ನಿರಮ್ಮ ನೀನು."

"ನಾನು ನಲವತ್ತು ವರ್ಷ ಕುಟ್ಟಿದೀನಪ್ಪ. ಒಂದಿನಾನೂ ಯಾರೂ ಬಂದು ಪಾಪ ಅನ್ನಲಿಲ್ಲ."

ನಿಜ ಹೇಳಬೇಕೆಂದರೆ ಕುಟ್ಟುವುದು ಅವನಿಗೆ ಕಷ್ಟವಾಗಿರಲಿಲ್ಲ. ಕಷ್ಟವಾದದ್ದು ಸಂಜೆ ನಾಲ್ಕೂವರೆಗೆ. ಆ ಹೊತ್ತಿಗೆ ರಸ್ತೆಯ ತಿರುವಿನಲ್ಲಿ ಅವನದೇ ಜೀಪಿನ ಹಾರನ್ನು ಕೇಳುತ್ತಿತ್ತು. ಓಡಿಸುವವನು ಬೇರೆ.

ಓಡಿಸುವವನು ಕಾಸಾನ್. ತಾಯಿಯ ಕಡೆಯಿಂದ ದಾಂಪಾಲ್, ತಂದೆಯ ಕಡೆಯಿಂದ ಬುಂತೋಗ್. ಎರಡು ದೋಣಿಯಲ್ಲಿ ಕಾಲಿಟ್ಟವನು ಮುಳುಗುತ್ತಾನೆ ಅನ್ನುತ್ತಾರೆ, ಈ ಭೂಪ ಮಾತ್ರ ಎರಡೂ ದೋಣಿಯಲ್ಲಿ ಆರಾಮಾಗಿ ಕೂತಿದ್ದ. ಯಾರೂ ಅವನಿಗೆ ಗುಂಡು ಹೊಡೆಯುವ ಹಾಗಿರಲಿಲ್ಲ. ಜೀಪು ತುಕ್ಕು ಹಿಡಿಯುವುದು ಬೇಡವೆಂದು ಹಿರಿಯರೇ ಹೇಳಿ ಕೀಲಿಕೈಯನ್ನು ಅವನಿಗೆ ಕೊಡಿಸಿದರು. ಅದಾದರೂ ಸಹಿಸಬಹುದು. ಆದರೆ ಅಮೆರೋಲ್‌ಗಿಂತ ಒಂದು ವರ್ಷ ಮೊದಲು ನೊರೈದಾಳನ್ನು ಕೇಳಿಕೊಂಡು ಅವಳ ಮನೆಗೆ ಹಿರಿಯರನ್ನು ಕಳಿಸಿದವನೂ ಇದೇ ಕಾಸಾನ್. ಅವಳಪ್ಪ ಒಪ್ಪಿರಲಿಲ್ಲ. ಅವಳು ಒಪ್ಪಿದ್ದಳೋ ಇಲ್ಲವೋ ಎಂದು ಅಮೆರೋಲ್ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಈಗ ಆ ಪ್ರಶ್ನೆ ಅವನ ಜೊತೆಯಲ್ಲೇ ಎದ್ದು, ಅವನ ಜೊತೆಯಲ್ಲೇ ಮಲಗತೊಡಗಿತು. ನನ್ನ ಜೀಪು, ನನ್ನ ದಾರಿ, ನನ್ನ ಹೆಂಡತಿ, ಮೂರನ್ನೂ ಒಬ್ಬನೇ ಹೊಡೆದುಕೊಂಡ ಎಂದು ಅವನ ಹೊಟ್ಟೆ ಉರಿಯುತ್ತಿತ್ತು.

"ಇವತ್ತು ಯಾರ್ಯಾರು ಹತ್ತಿದ್ರು?" ಅವಳು ಕಾಲು ತೊಳೆಯುವ ಮೊದಲೇ ಅವನ ವಿಚಾರಣೆ ಶುರು.

"ಜನ."

"ಜನ ಅಂದ್ರೆ? ಹೆಸರಿಲ್ವಾ ಅವ್ರಿಗೆ?"

"ಹಫ್ಸಾನ ಅಪ್ಪಾ, ಬೆಳಗ್ಗಿಂದ ಗಂಟಲು ಹರ್ಕೊಂಡಿದೀನಿ. ಅನ್ನ ಹಾಕು, ಆಮೇಲೆ ಹೇಳ್ತೀನಿ."

"ಕಾಸಾನ್ ಏನಂದ?"

"ಏನಂತಾನೆ? ಹಿಂದಕ್ಕೆ ಸರೀರಿ, ಇನ್ನಿಬ್ರು ಕೂರ್ಬೇಕು ಅಂದ."

"ನಿಂಗೆ ಅಂದನಾ, ಎಲ್ರಿಗೂ ಅಂದನಾ?"

ನೊರೈದಾ ಅನ್ನದ ತಟ್ಟೆ ಎಳೆದುಕೊಂಡು ಮಗಳು ಹಫ್ಸಾಳ ಕಡೆ ನೋಡಿ ನಕ್ಕುಬಿಡುತ್ತಿದ್ದಳು. ಆ ನಗು ಅವನಿಗೆ ಬಾಣಲೆಯ ಎಣ್ಣೆ ಸಿಡಿದಂತಾಗುತ್ತಿತ್ತು. ಪೇಟೆಯಲ್ಲಿ ಕಪ್ಪಾದ ಅವಳ ಮುಖ, ಧೂಳು ಹಿಡಿದ ಅವಳ ಕಾಲು, ಯಾರೋ ಹೇಳಿದ ತಮಾಷೆ ನೆನೆದು ಒಬ್ಬಳೇ ನಗುವುದು, ಎಲ್ಲವೂ ಅವನ ಕಣ್ಣಿಗೆ ಚುಚ್ಚುತ್ತಿತ್ತು. ಮೊದಲು ಸುದ್ದಿ ತರುವವನು ಅವನಾಗಿದ್ದ, ಕಾದು ಕೂರುವವಳು ಅವಳಾಗಿದ್ದಳು. ಈಗ ತಕ್ಕಡಿ ತಿರುಗಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುವುದು ಸುಳ್ಳಲ್ಲ.

ಎರಡನೇ ವರ್ಷದ ಮಳೆ ಮುಗಿಯುವ ಹೊತ್ತಿಗೆ ಇನ್ನೊಂದು ಶುರುವಾಯಿತು. ಗುರುವಾರ ಪೇಟೆಗೆ ರಜೆ, ಆದರೂ ನೊರೈದಾ ಗುರುವಾರ ಹೊರಡತೊಡಗಿದಳು. ಗಂಟಿಲ್ಲ, ಕೈಬೀಸಿಕೊಂಡು. ಒಳ್ಳೆಯ ಮಲೋಂಗ್ ಉಟ್ಟು, ಕಣ್ಣಿಗೆ ಸುರ್ಮಾ ಹಚ್ಚಿಕೊಂಡು.

"ಎಲ್ಲಿಗೆ?"

ಅವಳು ಮುಚ್ಚಿಡಲಿಲ್ಲ. "ಮರಾವಿಗೆ, ಸೂಲಗಿತ್ತಿ ಮನೆಗೆ. ಬುಂತೋಗ್ ಹೆಂಗಸ್ರೂ ಬರ್ತಾರೆ. ಸತ್ತ ಹುಡುಗನ ಅಜ್ಜಿ ಓಮೆರಾ ಬರ್ತಾಳೆ. ರಾಜಿ ಮಾತಾಡ್ತಿದೀವಿ. ಗಂಡಸ್ರಿಗೆ ಈಗ್ಲೇ ಹೇಳ್ಬೇಡ, ನಿಮ್ಮ ಮಾನ ಎದ್ದು ಕೂತ್ರೆ ಎಲ್ಲಾ ಕೆಡುತ್ತೆ."

"ರಾಜಿ? ಹೆಂಗಸ್ರು?" ಅವನು ಒನಕೆ ನಿಲ್ಲಿಸಿದ. "ಸುಲ್ತಾನರು, ಮೌಲಾನಾಗಳು ಕೂತು ಆಗದ್ದು ನಿಮ್ಮ ಹರಟೇಲಿ ಆಗುತ್ತಾ?"

"ನಿಮ್ಮವರು ಎರಡು ವರ್ಷದಲ್ಲಿ ಎಷ್ಟು ಸಲ ಕೂತ್ರು? ಎರಡೇ ಸಲ. ಎರಡು ಸಲಾನೂ ಯಾರು ಮೊದಲು ಮಾತಾಡ್ಬೇಕು ಅಂತ ಜಗಳಾಡ್ಕೊಂಡು ಎದ್ರು. ನಾವು ಐದು ಸಲ ಕೂತಿದೀವಿ. ಸೇತುವೆ ದಾಟೋಕೆ ನಮಗೆ ಮಾತ್ರ ಆಗುತ್ತೆ, ಅದಕ್ಕೇ ನಾವು ಕೂತಿದೀವಿ."

"ರಾಜಿ ಮಾತಾಡೋಕೆ ಸುರ್ಮಾ ಬೇಕಾ?"

"ಬೇಕು. ಹಗೆ ಇರೋರ ಮುಂದೆ ಭಿಕಾರಿ ಹಾಗೆ ಹೋಗ್ಬಾರದು," ಎಂದು ಚಪ್ಪಲಿ ಮೆಟ್ಟಿ ಹೊರಟಳು.

ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಆದರೆ ಹೊಟ್ಟೆಕಿಚ್ಚಿನವನಿಗೆ ನಿಜ ಹೇಳಿದರೆ ಅದೂ ಒಂದು ಕಳ್ಳತನ. ಮುಮಿನಾ ಮುದುಕಿ ಎಲ್ಲ ಕೇಳಿಸಿಕೊಂಡಿದ್ದಳು.

"ಮಗಾ, ಅವಳ ದಾರಿಗೆ ಅಡ್ಡ ಹೋಗ್ಬೇಡ. ಈ ಊರು ಉಸಿರಾಡ್ತಿರೋದು ಹೆಂಗಸ್ರು ದಾಟೋ ಆ ಸೇತುವೇಲಿ. ಅದೊಂದು ಮುಚ್ಚಿದ್ರೆ ನಾವೆಲ್ಲ ಇದ್ದಲ್ಲೇ ಸಮಾಧಿ."

"ನಾನೇನ್ ಮಾಡ್ತೀನಮ್ಮ? ಒಳಗೇ ಕೂತಿದೀನಲ್ಲ."

ಮುಂದಿನ ಗುರುವಾರ ಅವನು ಒಳಗೆ ಕೂರಲಿಲ್ಲ. ಅಣ್ಣನ ಮಗಳು ಮದರಸಾಕ್ಕೆ ಹೋಗುವಾಗ ಹಾಕುತ್ತಿದ್ದ ಕಪ್ಪು ಬುರ್ಖಾ, ಮುಖಪರದೆ ಸಮೇತ, ಹಿತ್ತಲಿನ ಹಗ್ಗದ ಮೇಲೆ ಒಣಗುತ್ತಿತ್ತು. ಗಿಡ್ಡ ಆಸಾಮಿಗೆ ಅದು ಅಳತೆ ತೆಗೆದು ಹೊಲಿಸಿದಂತೆ ಕೂತಿತು. ತಾಯಿಯ ಚಪ್ಪಲಿ ಮೆಟ್ಟಿದ, ಹಿಮ್ಮಡಿ ಹೊರಗೆ ಉಳಿಯಿತು. ಈ ಜೀವಮಾನದಲ್ಲಿ ಅವನು ಇಷ್ಟು ಹೇಸಿಗೆಯ ಕೆಲಸ ಮಾಡಿರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಗಂಡಸು ಹೆಂಗಸಿನ ಬಟ್ಟೆಯಲ್ಲಿ ಸೇತುವೆ ದಾಟಿದರೆ ಹೆಂಗಸಿನ ಬಟ್ಟೆಗೆ ಏನು ಬೆಲೆ ಉಳಿಯುತ್ತದೆ ಎಂಬುದೂ ಗೊತ್ತಿತ್ತು. ಒಂದೇ ಸಲ, ಒಂದೇ ಸಲ ಕಣ್ಣಾರೆ ನೋಡಿಬಿಡುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡು ಗದ್ದೆಯ ಬದುವಿನಲ್ಲಿ ಸುತ್ತಿ, ಮಸೀದಿಯ ತಿರುವಿನಲ್ಲಿ ಜೀಪಿಗೆ ಕೈ ಅಡ್ಡ ಹಿಡಿದ.

ಜೀಪಿನಲ್ಲಿ ಏಳೆಂಟು ಹೆಂಗಸರು. ನೊರೈದಾ ಎದುರು ಸಾಲಿನಲ್ಲಿ. ಅವನು ಬಾಗಿಲ ಕಡೆಯ ಮೂಲೆಯಲ್ಲಿ ಮೈ ಮುದುಡಿ ಕೂತ. ಮದರಸಾದ ಹುಡುಗಿ, ನಾಚಿಕೆ ಜಾಸ್ತಿ ಎಂದುಕೊಂಡು ಯಾರೂ ಮಾತಾಡಿಸಲಿಲ್ಲ. ಎರಡು ವರ್ಷದ ಮೇಲೆ ತನ್ನ ಜೀಪಿನಲ್ಲಿ ಕೂತಿದ್ದ, ಅದೂ ಕಳ್ಳನಂತೆ. ಕಣ್ಣು ಒಮ್ಮೆ ಕಾಸಾನ್‌ನ ಕತ್ತಿನ ಹಿಂಬದಿ, ಒಮ್ಮೆ ನೊರೈದಾಳ ಮುಖ. ಕಾಸಾನ್ ತಿರುಗಿ ನೋಡಲಿಲ್ಲ. ಅವಳೂ ಅತ್ತ ನೋಡಲಿಲ್ಲ. ಪಕ್ಕದವಳ ಮಗುವಿನ ಕೆಮ್ಮಿಗೆ ಏನು ಕಷಾಯ ಎಂದು ಹೇಳುತ್ತಿದ್ದಳು. ಆಡಲಿ, ಇನ್ನೂ ಎಷ್ಟು ಹೊತ್ತು ನಾಟಕ ಆಡುತ್ತಾರೋ ನೋಡೋಣ ಎಂದು ಅಮೆರೋಲ್ ಹಲ್ಲು ಕಚ್ಚಿದ.

ಸೇತುವೆ ಬಂತು. ಬಂದೂಕಿನ ಮೂವರು ನಿಂತಿದ್ದರು, ನಡುವಿನವನು ತಾಂಗೋಲ್, ಸತ್ತ ಹುಡುಗನ ಅಪ್ಪ. ಅವನು ಮುಂದಿನ ಸೀಟನ್ನು ನೋಡಿದ, ಚಾವಣಿಯ ಮೇಲೆ ನೋಡಿದ. ಹಿಂದೆ ಹೆಂಗಸರೆಂದು ಗೊತ್ತಾದ ಕೂಡಲೇ ಮುಖ ತಿರುಗಿಸಿ ಹೊಳೆಯ ಕಡೆ ನೋಡುತ್ತ ನಿಂತ. ಆ ಮರ್ಯಾದೆ ಕಂಡು ಬುರ್ಖಾದೊಳಗಿದ್ದವನ ಮೈ ಬೆವರಿತು.

ಅಲ್ಲಿ ಓಮೆರಾ ಅಜ್ಜಿ ಹತ್ತಿದಳು. ಎಲ್ಲ ಹೆಂಗಸರೂ ಸರಿದು ಜಾಗ ಮಾಡಿದರು. ಅವಳು ಬಂದು ಕೂತದ್ದು ಅಮೆರೋಲ್‌ನ ಪಕ್ಕದಲ್ಲೇ. ಚೀಲದಿಂದ ವೀಳ್ಯದೆಲೆ ತೆಗೆದು ಸುಣ್ಣ ಹಚ್ಚಿ ಅವನ ಕೈಗೆ ಇಟ್ಟಳು. "ತಗೋ ಮಗಳೇ. ಜೀಪು ಕುಲುಕಾಡಿದ್ರೆ ನಂಗೂ ಹೊಟ್ಟೆ ತೊಳಸುತ್ತೆ."

ಅವನು ತಲೆ ಬಾಗಿಸಿ ತೆಗೆದುಕೊಂಡ.

ಅಜ್ಜಿ ನೊರೈದಾಳ ಕಡೆ ತಿರುಗಿದಳು. "ನಿನ್ನೆ ತಾಂಗೋಲ್‌ನ ಕೂರಿಸ್ಕೊಂಡು ಕೇಳಿದೆ. ನಿನ್ನ ಮಗ ನನ್ನ ಮೊಮ್ಮಗ, ನನ್ನ ಕಣ್ಣೀರು ನಿಂದಕ್ಕಿಂತ ಕಮ್ಮಿ ಏನಿಲ್ಲ, ಇನ್ನೊಬ್ಬ ಸತ್ರೆ ಅವನು ಎದ್ದು ಬರ್ತಾನಾ ಅಂದೆ. ಆಮೇಲೆ, ಉಪವಾಸದ ತಿಂಗಳು ಮುಗಿದ ಮೇಲೆ ಊಟ ಹಾಕಿಸು, ಬರ್ತೀನಿ ಅಂದ."

ನೊರೈದಾ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಅತ್ತಳು. ಪಕ್ಕದವಳು ಬೆನ್ನು ಸವರಿದಳು. "ನನ್ನ ಗಂಡ ಎರಡು ವರ್ಷ ಆಯ್ತು ಅಜ್ಜಿ ರಸ್ತೆ ಮುಟ್ಟಿ," ಎಂದಳು ನೊರೈದಾ. "ದಾರಿ ಇಲ್ದೆ ಒಣಗಿ ಹೋಗಿದಾನೆ. ಏನಂದ್ರೂ ಸಿಡುಕ್ತಾನೆ. ಅವನಿಗೆ ಈ ಸ್ಟೇರಿಂಗ್ ಒಂದು ವಾಪಸ್ ಸಿಕ್ರೆ ಸಾಕು, ಸರಿಹೋಗ್ತಾನೆ."

ಅಮೆರೋಲ್ ಕೂತಲ್ಲೇ ಕರಗಿದ. ನಾಚಿಕೆ, ಸಂತೋಷ, ಅಳು ಒಟ್ಟಿಗೇ ನುಗ್ಗಿ ಬಂದವು. ನಾನೆಂಥ ಪಾಪಿ, ಇಂಥವಳನ್ನು ಅನುಮಾನಿಸಿದೆನಲ್ಲ ಎಂದು ಮನಸ್ಸಿನಲ್ಲೇ ಕೆನ್ನೆಗೆ ಹೊಡೆದುಕೊಂಡ. ಮರಾವಿಯಲ್ಲಿ ಇಳಿದು ಮದರಸಾದ ಹಿಂದೆ ಅವಿತು, ಸಂಜೆ ಹಾಗೇ ಮನೆ ಸೇರಿಬಿಟ್ಟರೆ ಮುಗಿಯಿತು. ಮುಂದಿನ ತಿಂಗಳಿಂದ ಜೀಪು ನನ್ನದು. ಎದೆಯ ಮೇಲಿನ ಬಂಡೆ ಇಳಿಯಿತು, ಎಲ್ಲಿದ್ದೇನೆ ಎಂಬುದೂ ಮರೆಯಿತು.

ಸೇತುವೆಯ ಆಚೆ ಕಡಿದಾದ ಏರು. ಜೀಪು ಇಪ್ಪತ್ತು ಮಾರು ಹತ್ತಿ ಏದುಸಿರು ಬಿಟ್ಟಿತು. ಕಾಸಾನ್ ಗೇರು ಬದಲಿಸಲು ಹೋದ, ಗೇರು ಕರಕರ ಎಂದಿತು, ಎಂಜಿನ್ ನಿಂತು ಜೀಪು ಹಿಂದಕ್ಕೆ ಸೇತುವೆಯ ಬುಡಕ್ಕೇ ಜಾರಿತು. ಮತ್ತೆ ಶುರು ಮಾಡಿದ, ಮತ್ತೆ ಕರಕರ. ಆ ಸದ್ದು ಅಮೆರೋಲ್‌ನ ಹಲ್ಲಿನೊಳಗೇ ಹೊಕ್ಕಿತು. ತಾನು ಓಡಿಸಿದಷ್ಟೂ ವರ್ಷ ಅವನು ಆ ಗೇರನ್ನು ಒಮ್ಮೆಯೂ ಕರಕರ ಅನ್ನಿಸಿರಲಿಲ್ಲ.

"ಲೋ ಕತ್ತೆ! ಕ್ಲಚ್ ಪೂರ್ತಿ ಒತ್ತೋ! ನನ್ನ ಗೇರ್‌ಬಾಕ್ಸ್ ಪುಡಿ ಮಾಡ್ತಿದೀಯಲ್ಲೋ!"

ಊರಿನ ದೊಡ್ಡ ಬಾಯಿ, ಎರಡು ವರ್ಷ ಮುಚ್ಚಿಟ್ಟದ್ದು, ಆ ಕಪ್ಪು ಬಟ್ಟೆಯೊಳಗಿಂದ ಹೊರಬಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೊರೈದಾ ಅವನ ಕಡೆ ತಿರುಗಿದಳು. ಪರದೆ ಎತ್ತಿ ನೋಡುವ ಅಗತ್ಯ ಅವಳಿಗಿರಲಿಲ್ಲ.

ಬೂಟುಕಾಲಿನ ಓಟ ಕೇಳಿಸಿತು. ತಾಂಗೋಲ್ ಹಿಂದಿನ ಬಾಗಿಲಿಗೆ ಬಂದು ಬಂದೂಕಿನ ತುದಿಯಿಂದಲೇ ಮುಖಪರದೆ ಎತ್ತಿದ. ಅಷ್ಟರಲ್ಲಿ ಓಮೆರಾ ಅಜ್ಜಿ ತನ್ನ ಇಡೀ ಮೈಯನ್ನು ಅಮೆರೋಲ್‌ನ ಮುಂದೆ ತಂದಳು.

"ಹೊಡೀಬೇಕಾದ್ರೆ ನನ್ನ ಮೇಲಿಂದ ಹೊಡಿ."

"ಅಮ್ಮಾ, ಸರಿ ಆಚೆ. ದಾಂಪಾಲ್ ಅವನು!"

"ಕಣ್ಣಿದೆ ನಂಗೆ. ನಾನು ಸರಿಯೋದಿಲ್ಲ."

ಕೊನೆಗೆ ತಾಂಗೋಲ್ ಬಂದೂಕು ಇಳಿಸಿ ನೆಲಕ್ಕೆ ಉಗುಳಿದ. "ಹೆಂಗಸಿನ ಬಟ್ಟೆ ಹಾಕ್ಕೊಂಡವನ್ನ ಕೊಂದು ನನ್ನ ಮಗನ ಹೆಸರು ಯಾಕೆ ಕೆಡಿಸ್ಲಿ? ಇಳೀ. ನಡ್ಕೊಂಡು ಹೋಗು ನಿನ್ನೂರಿಗೆ, ಇದೇ ವೇಷದಲ್ಲಿ." ಆಮೇಲೆ ಜೀಪಿನೊಳಗಿದ್ದ ಹೆಂಗಸರ ಮುಖವನ್ನು ಮೊದಲ ಸಲ ಒಂದೊಂದಾಗಿ ನೋಡಿದ. "ಎರಡು ವರ್ಷ ನಿಮ್ಮ ಕಡೆ ಕಣ್ಣು ಹಾಕ್ಲಿಲ್ಲ ನಾನು. ಈ ಬಟ್ಟೆಗಳ ಒಳಗೆ ಇನ್ನೆಷ್ಟು ಜನ ಗಂಡಸ್ರು, ಇನ್ನೆಷ್ಟು ಬಂದೂಕು ದಾಟಿ ಹೋದ್ವೋ! ಇವತ್ತಿಗೆ ಮುಗೀತು. ಈ ಸೇತುವೆ ಮೇಲೆ ಇನ್ನು ಹೆಂಗಸು ಅಂತ ಯಾರೂ ಇಲ್ಲ. ಎಲ್ರೂ ಇಳೀಬೇಕು, ಎಲ್ರೂ ಮುಖ ತೋರಿಸ್ಬೇಕು. ದಾಂಪಾಲ್ ಮನೆಯವಳಾದ್ರೆ ಬಂದ ದಾರೀಲೇ ವಾಪಸ್."

ಓಮೆರಾ ಅಜ್ಜಿ ಇಳಿಯುವಾಗ ನೊರೈದಾ ಅವಳ ಕೈ ಹಿಡಿದಳು. "ಅಜ್ಜೀ, ನಂಗೆ ಗೊತ್ತಿರಲಿಲ್ಲ. ಅಲ್ಲಾನಾಣೆ ಗೊತ್ತಿರಲಿಲ್ಲ."

"ಇರಬಹುದಮ್ಮ," ಎಂದಳು ಮುದುಕಿ. "ಆದ್ರೆ ನಾನು ಮನೇಲಿ ಏನಂತ ಹೇಳ್ಲಿ? ರಾಜಿ ಮಾತಾಡೋ ಜೀಪಲ್ಲಿ ಗಂಡಸನ್ನ ಬಚ್ಚಿಟ್ಟು ತಂದಿದ್ರು ಅಂತ ಅವರು ಕೇಳಿದ್ರೆ, ಇಲ್ಲ ಅನ್ನೋಕೆ ನನ್ನ ಹತ್ರ ಏನಿದೆ?" ಕೈ ಬಿಡಿಸಿಕೊಂಡು ಅವಳು ಮಗನ ಹಿಂದೆ ನಡೆದಳು.

ಆಮೇಲಿನದು ಹೇಳಲು ನನಗೂ ಬೇಸರ. ಗುರುವಾರಗಳು ನಿಂತವು. ಪೇಟೆಯಲ್ಲಿ ನೊರೈದಾ ಕೂರುತ್ತಿದ್ದ ಜಾಗದಲ್ಲಿ ಇನ್ನೊಬ್ಬಳು ಕೂತಳು. ಅಣ್ಣನ ಮಗಳ ಮದರಸಾ ಬಿಟ್ಟುಹೋಯಿತು. ನಮ್ಮೂರಿನ ಹೆಂಗಸರು ಅಕ್ಕಿಗೂ ಔಷಧಿಗೂ ಗುಡ್ಡ ಬಳಸಿ ಐದು ತಾಸು ನಡೆದರು. ದಾರಿಯಲ್ಲೇ ಹೆರಿಗೆಯಾಗಿ ಒಬ್ಬಳು ಕೂಸನ್ನು ಕಳೆದುಕೊಂಡಳು. ಕಾಸಾನ್ ಜೀಪಿನ ಕೀಲಿಕೈಯನ್ನು ಅಂಗಳಕ್ಕೆ ಎಸೆದು, "ನಿನ್ನ ಗೇರ್‌ಬಾಕ್ಸ್ ನೀನೇ ಇಟ್ಕೊ ಮಾರಾಯ" ಎಂದು ಹೋದ.

ಅಮೆರೋಲ್ ಅವಳ ಕಾಲು ಹಿಡಿದ. ನಿನ್ನ ಮೇಲಿನ ಆಸೆಯಿಂದ ಹಾಗೆ ಮಾಡಿದೆ, ಕಾಸಾನ್‌ನನ್ನು ನೆನೆದು ತಲೆ ಕೆಟ್ಟಿತ್ತು ಎಂದ.

ನೊರೈದಾ ಕೂಗಾಡಲಿಲ್ಲ. "ಸುಳ್ಳು ಹೇಳ್ಬೇಡ, ಹಫ್ಸಾನ ಅಪ್ಪಾ. ನಿನ್ನ ಹೊಟ್ಟೆಕಿಚ್ಚು ಕಾಸಾನ್ ಮೇಲಲ್ಲ. ನನ್ನ ಮೇಲೆ. ನಾನು ಹೊರಗಿದ್ನಲ್ಲ, ನೀನು ಒಳಗಿದ್ಯಲ್ಲ, ಅದರ ಮೇಲೆ. ಈಗ ನಾನೂ ಒಳಗಿದೀನಿ. ಸಮಾಧಾನ ಆಯ್ತಾ?"

ಅಷ್ಟೂ ನಾಚಿಕೆಯ ನಡುವೆ, ಅವಳು ಇಡೀ ದಿನ ಮನೆಯಲ್ಲಿ ಕಣ್ಣೆದುರಿಗಿರುತ್ತಾಳೆ ಎಂಬ ಒಂದು ಸಣ್ಣ ಹಿತ ಅವನೊಳಗೆ ಇದ್ದೇ ಇತ್ತು. ಅದನ್ನು ಅವಳು ಕಂಡುಬಿಟ್ಟಿದ್ದಳು.

ಹಗೆ ಇನ್ನೂ ನಾಲ್ಕು ವರ್ಷ ಎಳೆಯಿತು. ಆ ಕಡೆ ಒಬ್ಬ, ಈ ಕಡೆ ಇಬ್ಬರು ಸತ್ತರು, ಈ ಕಡೆಯವರಲ್ಲಿ ಒಬ್ಬ ಅಮೆರೋಲ್‌ನ ಅಣ್ಣ. ಓಮೆರಾ ಅಜ್ಜಿಯೂ ಹಾಸಿಗೆಯಲ್ಲೇ ತೀರಿಕೊಂಡಳು. ಕೊನೆಗೆ ಗಂಡಸರೇ ಕೂತು, ಕೋಣ ಕಡಿದು, ದೊಡ್ಡ ಊಟ ಹಾಕಿ, ತಬ್ಬಿಕೊಂಡು ರಾಜಿಯಾದರು. ಬಂದೂಕುಗಳು ಒಳಗೆ ಹೋದವು. ಸೇತುವೆಯ ಮೇಲೆ ಜೀಪು ನಿಲ್ಲಿಸಿ ಹೆಂಗಸರನ್ನು ಇಳಿಸಿ ಮುಖ ನೋಡುವುದು ಮಾತ್ರ ಹೋಗಲಿಲ್ಲ. ಅದನ್ನು ಬಿಡಿಸಬೇಕೆಂದು ಊಟದ ದಿನ ಯಾರಿಗೂ ನೆನಪಾಗಲಿಲ್ಲ.

ಅಮೆರೋಲ್ ಜೀಪು ತೊಳೆದು, ಎಣ್ಣೆ ಬದಲಿಸಿ, ಮೊದಲ ದಿನ ಅಂಗಳಕ್ಕೆ ತಂದು ನಿಲ್ಲಿಸಿದ. ನೊರೈದಾ ಬಟ್ಟೆಯ ಗಂಟು ಹೊತ್ತು ಹೊರಗೆ ಬಂದಳು. ಅವನು ಎಂದೂ ಮಾಡದವನು, ಇಳಿದು ಹೋಗಿ ಗಂಟಿಗೆ ಕೈ ಹಾಕಿದ.

"ಹತ್ತು, ಪೇಟೆಗೆ ಬಿಡ್ತೀನಿ."

"ಬೇಡ," ಎಂದಳು ಅವಳು, ಗಂಟನ್ನು ತಲೆಯ ಮೇಲೆ ಸರಿಮಾಡಿಕೊಳ್ಳುತ್ತ. "ಸೇತುವೆ ಹತ್ರ ಇಳಿದು ಮುಖ ತೋರಿಸೋಕೆ ನನ್ನ ಕೈಲಾಗಲ್ಲ. ನಾನು ಗುಡ್ಡದ ದಾರೀಲೇ ಹೋಗ್ತೀನಿ."